ಹೊಗೆ ಎಲ್ಲಿಗೆ ಹೋಗುತ್ತದೆ?



ಕುಡಿಯುವ ನೀರು ಕೆಟ್ಟರೆ ಕಾಯಿಲೆ ಬರುತ್ತದೆ. ಇದು ನಮಗೆಲ್ಲ ಗೊತ್ತು. ಅದಕ್ಕೇ ನೀರನ್ನು ಸೋಸುತ್ತೇವೆ. ಕಾಯಿಸಿ ಆರಿಸಿ ಕುಡಿಯುತ್ತೇವೆ. ಆದರೆ ಗಾಳಿ? ಗಾಳಿಯನ್ನು ಸೋಸಿ ಉಸಿರಾಡಲು ಆಗುತ್ತದೆಯೇ? ಆಗುವುದಿಲ್ಲ. ಇದ್ದ ಗಾಳಿಯನ್ನೇ ಎಳೆದುಕೊಳ್ಳಬೇಕು. ಊಟವನ್ನು ಒಂದು ದಿನ ಬಿಡಬಹುದು. ನೀರನ್ನು ಅರ್ಧ ದಿನ ಬಿಡಬಹುದು. ಉಸಿರನ್ನು ಐದು ನಿಮಿಷ ಬಿಡಲು ಬರುವುದಿಲ್ಲ.

ಹಾಗಾದರೆ ಒಂದು ಪ್ರಶ್ನೆ. ಬೆಳಗ್ಗೆ ಒಲೆ ಹಚ್ಚುತ್ತೇವೆ. ತೊಗರಿ ಕಡ್ಡಿ, ಜಾಲಿ ಪುಳ್ಳೆ, ತೆಂಗಿನ ಮಟ್ಟೆ, ಬೆರಣಿ ಹಾಕುತ್ತೇವೆ. ಊದುಗೊಳವೆಯಲ್ಲಿ ಊದುತ್ತೇವೆ. ಹೊಗೆ ಏಳುತ್ತದೆ. ಹೆಂಚಿನ ಸಂದಿಯಲ್ಲಿ ಮೇಲಕ್ಕೆ ಹೋಗುತ್ತದೆ. ಆಮೇಲೆ ಆ ಹೊಗೆ ಎಲ್ಲಿಗೆ ಹೋಗುತ್ತದೆ?

"ಎಲ್ಲಿಗೆ ಹೋಗ್ತದೆ ಮೇಷ್ಟ್ರೇ, ಗಾಳೀಲಿ ಕರಗಿ ಹೋಗ್ತದೆ" ಅನ್ನುತ್ತೀರಿ. ಕಣ್ಣಿಗೆ ಹಾಗೇ ಕಾಣುತ್ತದೆ. ಆದರೆ ಹೊಗೆ ಕಾಣದೆ ಹೋದರೆ ಇಲ್ಲದೆ ಹೋಯಿತು ಎಂದಲ್ಲ. ಒಂದು ಒಲೆಯ ಹೊಗೆ ಮೂರು ಕಡೆಗೆ ಹೋಗುತ್ತದೆ. ಒಂದು ಪಾಲು ನಮ್ಮ ಎದೆಗೆ. ಇನ್ನೊಂದು ಪಾಲು ಊರಿನ ಗಾಳಿಗೆ. ಮತ್ತೊಂದು ಪಾಲು ಮೇಲಿನ ಆಕಾಶಕ್ಕೆ.

ಎದೆ ಸೇರಿದ ಹೊಗೆ ಕೆಮ್ಮು ತರುತ್ತದೆ. ಆಕಾಶ ಸೇರಿದ ಹೊಗೆ ಭೂಮಿಯ ಬಿಸಿ ಏರಿಸುತ್ತದೆ. ಆ ಬಿಸಿ ಇಳಿಸಲು ಲೋಕದ ಸರ್ಕಾರಗಳೆಲ್ಲ ಕೂತು ಯೋಜನೆ ಮಾಡುತ್ತಿವೆ. ಆ ಯೋಜನೆಗಳಿಂದ ನಮ್ಮ ಎದೆಯ ಹೊಗೆ ಕಡಿಮೆ ಆಗುತ್ತದೆಯೇ? ಇದೇ ಇವತ್ತಿನ ಪಾಠ.

ಎದೆಯೊಳಗಿನ ಹೊಗೆ

ಹೊಗೆ ಎಂದರೆ ಏನು? ಸೌದೆ ಪೂರ್ತಿ ಉರಿಯದೆ ಉಳಿದ ಸಣ್ಣ ಸಣ್ಣ ಕಣಗಳು. ಜೊತೆಗೆ ಕೆಲವು ವಿಷದ ಅನಿಲಗಳು. ಗೋಡೆಗೆ ಹಿಡಿದ ಮಸಿ ನೋಡಿದ್ದೀರಿ. ಪಾತ್ರೆಯ ತಳಕ್ಕೆ ಹಿಡಿದ ಮಸಿ ಉಜ್ಜಿ ಉಜ್ಜಿ ಕೈ ಸೋತಿದೆ. ಆ ಮಸಿ ಕಣ್ಣಿಗೆ ಕಾಣುವಷ್ಟು ದಪ್ಪ. ಕಾಣದಷ್ಟು ಸಣ್ಣ ಕಣಗಳೂ ಇವೆ. ತಲೆಕೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿ. ಅದರಲ್ಲಿ ಒಂದು ಪಾಲಿಗಿಂತಲೂ ಸಣ್ಣವು ಅವು.

ದಪ್ಪ ಧೂಳನ್ನು ನಮ್ಮ ಮೂಗು ತಡೆಯುತ್ತದೆ. ಸೀನು ಬರುತ್ತದೆ, ಹೊರಗೆ ಹೋಗುತ್ತದೆ. ಈ ಸಣ್ಣ ಕಣ ಹಾಗಲ್ಲ. ಮೂಗು ದಾಟುತ್ತದೆ. ಗಂಟಲು ದಾಟುತ್ತದೆ. ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತದೆ. ಅಲ್ಲಿಂದ ರಕ್ತಕ್ಕೂ ಸೇರುತ್ತದೆ.

ಇದರಿಂದ ಏನೇನು ಆಗುತ್ತದೆ?

ವರ್ಷಗಟ್ಟಲೆ ಹೊಗೆ ಕುಡಿದವರಿಗೆ ದಮ್ಮು ಬರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು. ಮಕ್ಕಳಿಗೆ ನ್ಯುಮೋನಿಯಾ ಬರುತ್ತದೆ. ಎದೆಗೂಸಿನ ಪಕ್ಕೆ ಹಾರುತ್ತದೆ ಅನ್ನುತ್ತೀರಲ್ಲ, ಅದೇ. ಕಣ್ಣಿಗೆ ಪೊರೆ ಬರುವುದು ಹೆಚ್ಚುತ್ತದೆ. ಬಸುರಿ ಹೆಂಗಸು ಹೊಗೆ ಕುಡಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು. ಹೃದಯದ ಕಾಯಿಲೆ, ಲಕ್ವ, ಶ್ವಾಸಕೋಶದ ಕ್ಯಾನ್ಸರ್ ಇವುಗಳಿಗೂ ಹೊಗೆ ಒಂದು ಕಾರಣ.

"ನಮ್ಮವ್ವ, ನಮ್ಮಜ್ಜಿ ಎಲ್ಲಾ ಇದೇ ಒಲೆ ಮುಂದೆ ಬಾಳಿದ್ರಲ್ಲ?" ಎಂದು ಒಬ್ಬ ಅಕ್ಕ ಕೇಳುತ್ತಾರೆ. ಹೌದು, ಬಾಳಿದರು. ಆದರೆ ಅಜ್ಜಿಗೆ ರಾತ್ರಿಯೆಲ್ಲ ಕೆಮ್ಮು ಇತ್ತೋ ಇಲ್ಲವೋ ನೆನಪು ಮಾಡಿಕೊಳ್ಳಿ. ಅದನ್ನು "ವಯಸ್ಸಿನ ಕೆಮ್ಮು" ಎಂದೆವು. ಯಾರೂ "ಒಲೆಯ ಕೆಮ್ಮು" ಎನ್ನಲಿಲ್ಲ.

ಈಗ ಲೆಕ್ಕ ನೋಡೋಣ. 2019ರಲ್ಲಿ ನಮ್ಮ ದೇಶದಲ್ಲಿ ಕೆಟ್ಟ ಗಾಳಿಯ ಕಾರಣದಿಂದ ಸುಮಾರು 16 ಲಕ್ಷ 70 ಸಾವಿರ ಜನ ತೀರಿಕೊಂಡರು. ಇದು ಸಂಶೋಧಕರ ಅಂದಾಜು. ಅದರಲ್ಲಿ ಸುಮಾರು 6 ಲಕ್ಷ 10 ಸಾವಿರ ಸಾವಿಗೆ ಮನೆಯೊಳಗಿನ ಹೊಗೆಯೇ ಕಾರಣ. ಸಾಂಕ್ರಾಮಿಕ ರೋಗ ಬಂದರೆ ಊರಿಗೆ ಊರೇ ಗಾಬರಿಯಾಗುತ್ತದೆ. ಹೊಗೆಯಿಂದ ಸತ್ತರೆ ಯಾರಿಗೂ ಗಾಬರಿ ಇಲ್ಲ. ಯಾಕೆಂದರೆ ಹೊಗೆ ನಿಧಾನವಾಗಿ ಕೊಲ್ಲುತ್ತದೆ.

ಇನ್ನೊಂದು ಮಾತು. ಒಲೆಯ ಮುಂದೆ ಕೂರುವವರು ಯಾರು? ಹೆಂಗಸರು. ಅವರ ಮಡಿಲಲ್ಲಿ ಇರುವವರು ಯಾರು? ಕೂಸುಗಳು. ಮನೆಗೆ ಯಾವ ಒಲೆ ಬೇಕು ಎಂದು ತೀರ್ಮಾನ ಮಾಡುವವರು ಯಾರು? ಇದಕ್ಕೆ ಉತ್ತರ ನೀವೇ ಹೇಳಿ.

ಊರಿನ ಗಾಳಿ

ಮನೆಯ ಹೊಗೆ ಮನೆಯಲ್ಲೇ ನಿಲ್ಲುವುದಿಲ್ಲ. ಚಳಿಗಾಲದ ಸಂಜೆ ಊರಾಚೆ ನಿಂತು ನೋಡಿ. ಊರ ಮೇಲೆ ಕಂಬಳಿ ಹೊದಿಸಿದ ಹಾಗೆ ಹೊಗೆ ನಿಂತಿರುತ್ತದೆ. ಗ್ಯಾಸ್ ಒಲೆ ಇರುವ ಮನೆಯವರೂ ಅದನ್ನೇ ಉಸಿರಾಡುತ್ತಾರೆ.

ದೇಶದ ಹೊರಗಾಳಿಯಲ್ಲಿರುವ ಸಣ್ಣ ಕಣಗಳಲ್ಲಿ ಸುಮಾರು ಕಾಲು ಪಾಲು ಮನೆಗಳಲ್ಲಿ ಸೌದೆ, ಬೆರಣಿ ಸುಡುವುದರಿಂದ ಬಂದದ್ದು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಉಳಿದದ್ದು ಕಲ್ಲಿದ್ದಲು, ಕಾರ್ಖಾನೆ, ಲಾರಿ, ಬಸ್ಸು, ಇಟ್ಟಿಗೆ ಗೂಡು, ಕಸ ಸುಡುವುದು, ರಸ್ತೆ ಧೂಳು ಇವುಗಳಿಂದ ಬರುತ್ತದೆ. ಅಂದರೆ ಅಡುಗೆ ಮನೆಯನ್ನು ಸರಿ ಮಾಡಿದರೆ ಬೀದಿಯೂ ಸ್ವಲ್ಪ ಸರಿಯಾಗುತ್ತದೆ.

ಆಕಾಶದ ಬಿಸಿ

ಮೂರನೆಯ ಪಾಲು ಆಕಾಶಕ್ಕೆ ಹೋಗುತ್ತದೆ ಎಂದೆವು. ಅಲ್ಲಿ ಏನು ಮಾಡುತ್ತದೆ?

ಚಳಿಯಲ್ಲಿ ಕಂಬಳಿ ಹೊದ್ದರೆ ಮೈ ಬಿಸಿಯಾಗುತ್ತದೆ. ಕಂಬಳಿಗೆ ತನ್ನದೇ ಬಿಸಿ ಇಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಭೂಮಿಗೂ ಅಂಥದೊಂದು ಕಂಬಳಿ ಇದೆ. ಅದೇ ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟಷ್ಟೂ ಈ ಕಂಬಳಿ ದಪ್ಪವಾಗುತ್ತದೆ. ಕಾಡು ಕಡಿದಷ್ಟೂ ದಪ್ಪವಾಗುತ್ತದೆ. ಸುಮಾರು 150 ವರ್ಷಗಳಲ್ಲಿ ಭೂಮಿಯ ಬಿಸಿ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಲೆಕ್ಕ ಇಟ್ಟ ವರ್ಷಗಳಲ್ಲಿ 2024ನೇ ವರ್ಷ ಎಲ್ಲಕ್ಕಿಂತ ಬಿಸಿಯಾದದ್ದು ಎಂದು ದಾಖಲಾಯಿತು.

"ಒಂದು ಡಿಗ್ರಿ ಏನು ಮಹಾ?" ಅನ್ನಬಹುದು. ನಮ್ಮ ಮೈಗೆ ಒಂದೆರಡು ಡಿಗ್ರಿ ಏರಿದರೆ ಜ್ವರ ಅನ್ನುತ್ತೇವೆ. ಹಾಸಿಗೆ ಹಿಡಿಯುತ್ತೇವೆ. ಭೂಮಿಗೂ ಹಾಗೇ. ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ. ಬಾರದಿದ್ದರೆ ತಿಂಗಳುಗಟ್ಟಲೆ ಬಾರದು. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಬರ ಹಿಂದೆಯೂ ಇತ್ತು, ನಿಜ. ಭೂಮಿ ಬಿಸಿಯಾದಷ್ಟೂ ಬರದ ಕಾವು ಹೆಚ್ಚುತ್ತದೆ. ಮಣ್ಣಿನ ಪಸೆ ಬೇಗ ಆರುತ್ತದೆ.

ನಮ್ಮ ಒಲೆಯ ಕಪ್ಪು ಮಸಿಯೂ ಬಿಸಿ ಏರಿಸುವ ಕೆಲಸ ಮಾಡುತ್ತದೆ. ಕಪ್ಪು ಬಟ್ಟೆ ಬಿಸಿಲಿಗೆ ಬೇಗ ಕಾಯುತ್ತದಲ್ಲವೇ? ಹಾಗೆಯೇ ಗಾಳಿಯಲ್ಲಿನ ಮಸಿ ಬಿಸಿಲನ್ನು ಹೀರುತ್ತದೆ. ಹಾರಿ ಹೋಗಿ ಹಿಮಾಲಯದ ಮಂಜಿನ ಮೇಲೆ ಕೂತರೆ ಆ ಮಂಜು ಬೇಗ ಕರಗುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ತಿಳಿಯೋಣ. ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರಿದರೆ ಅದರ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ. ಮಸಿ ಹಾಗಲ್ಲ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಮಳೆ ಬಂದರೆ ತೊಳೆದು ಹೋಗುತ್ತದೆ. ಆದ್ದರಿಂದ ಇವತ್ತು ಮಸಿ ಬಿಡುವುದನ್ನು ನಿಲ್ಲಿಸಿದರೆ ಲಾಭ ಈಗಲೇ ಸಿಗುತ್ತದೆ. ಆಕಾಶಕ್ಕೂ ಸಿಗುತ್ತದೆ, ಎದೆಗೂ ಸಿಗುತ್ತದೆ. ಇದು ಮೊಮ್ಮಕ್ಕಳ ಕಾಲದ ಮಾತಲ್ಲ. ಈ ವರ್ಷ ಹುಟ್ಟುವ ಕೂಸಿನ ಮಾತು.

ಒಲೆ ಬದಲಾದ ಕಥೆ

ಹೊಗೆ ಕಡಿಮೆ ಮಾಡಲು ನಮ್ಮ ನಾಡಿನಲ್ಲಿ ಏನೇನು ನಡೆಯಿತು? ಮೂರು ಹೆಜ್ಜೆ ನೋಡೋಣ.

ಮೊದಲ ಹೆಜ್ಜೆ, ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ "ಅಸ್ತ್ರ" ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಕೆಲಸ. ಅಲ್ಲಿನವರು ಮೂರು ಪಾತ್ರೆ ಇಡುವ ಒಲೆ ಮಾಡಿದರು. ಹೊಗೆ ಹೋಗಲು ಕೊಳವೆ ಇಟ್ಟರು. ಕಡಿಮೆ ಸೌದೆ, ಒಳಗೆ ಕಡಿಮೆ ಹೊಗೆ. ಕರ್ನಾಟಕದ ಎಷ್ಟೋ ಮನೆಗಳಿಗೆ ಈ ಒಲೆ ಬಂತು. ಕೇಂದ್ರ ಸರ್ಕಾರವೂ 1983ರಿಂದ ಸುಧಾರಿತ ಒಲೆಗಳ ಕಾರ್ಯಕ್ರಮ ನಡೆಸಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಾಕಿದರು. 2002ರಲ್ಲಿ ಆ ಕಾರ್ಯಕ್ರಮ ನಿಂತಿತು. ಯಾಕೆ? ಹಾಕಿದ ಒಲೆಗಳಲ್ಲಿ ಬಹಳಷ್ಟು ಬಿರುಕು ಬಿಟ್ಟವು. ಕೊಳವೆಯಲ್ಲಿ ಮಸಿ ಕಟ್ಟಿತು. ರಿಪೇರಿ ಮಾಡುವವರು ಸಿಗಲಿಲ್ಲ. ಜನ ಮತ್ತೆ ಮೂರು ಕಲ್ಲಿನ ಒಲೆಗೆ ಹೋದರು.

ಒಡಿಶಾ ರಾಜ್ಯದಲ್ಲಿ ಸಂಶೋಧಕರು ಇಂಥ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಹೊಗೆ ಕಡಿಮೆಯಾಯಿತು. ಆಮೇಲೆ ಲಾಭ ಕಾಣಲಿಲ್ಲ. ಯಾಕೆಂದರೆ ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ರಿಪೇರಿಯನ್ನೂ ಮಾಡಿಸಲಿಲ್ಲ. ಒಲೆ ಕೊಟ್ಟರೆ ಸಾಲದು. ಒಲೆ ಉರಿಯುತ್ತಾ ಇರಬೇಕು.

ಎರಡನೆಯ ಹೆಜ್ಜೆ, ಗೋಬರ್ ಗ್ಯಾಸ್. ಇದರ ಒಂದು ಕಥೆ ಬಾಗೇಪಲ್ಲಿಯದು. ಭೂಮಿಯ ಬಿಸಿ ಇಳಿಸಲು 1997ರಲ್ಲಿ ಜಪಾನಿನ ಕ್ಯೋಟೋ ಊರಿನಲ್ಲಿ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದು 2005ರಲ್ಲಿ ಜಾರಿಗೆ ಬಂತು. ಶ್ರೀಮಂತ ದೇಶಗಳು ತಮ್ಮ ಹೊಗೆ ಕಡಿಮೆ ಮಾಡಬೇಕು. ಇಲ್ಲವಾದರೆ ಬಡ ದೇಶದಲ್ಲಿ ಹೊಗೆ ಕಡಿಮೆ ಮಾಡುವ ಕೆಲಸಕ್ಕೆ ಹಣ ಕೊಟ್ಟು ಅದನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಈ ನಿಯಮದ ಕೆಳಗೆ ಬಾಗೇಪಲ್ಲಿ ಕೂಲಿ ಸಂಘದವರು ಒಂದು ಯೋಜನೆ ಮಾಡಿದರು. ಬಡ ರೈತ, ಕೂಲಿಕಾರರ 5,500 ಮನೆಗಳಿಗೆ ಗೋಬರ್ ಗ್ಯಾಸ್ ಹಾಕುವ ಯೋಜನೆ. 2005ರಲ್ಲಿ ಅದು ನೋಂದಣಿಯಾಯಿತು.

ಅದು ನಡೆಯುವ ರೀತಿ ಹೀಗೆ. ಸೌದೆ, ಸೀಮೆಎಣ್ಣೆ ಬಿಟ್ಟು ಸಗಣಿ ಗ್ಯಾಸಿನಲ್ಲಿ ಅಡುಗೆ ಮಾಡಿದರೆ ಆಕಾಶಕ್ಕೆ ಹೋಗುವ ಇಂಗಾಲ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂದು ಅಳೆಯುತ್ತಾರೆ. ಅಳತೆಗೆ ಒಂದು ಪತ್ರ ಸಿಗುತ್ತದೆ. ಆ ಪತ್ರವನ್ನು ಮಾರುತ್ತಾರೆ. ಬಂದ ಹಣ ಗ್ಯಾಸ್ ಗುಂಡಿಯ ಖರ್ಚಿಗೆ ಹೋಗುತ್ತದೆ. ದೂರದ ಕ್ಯೋಟೋದಲ್ಲಿ ಹಾಕಿದ ಸಹಿ ಬಾಗೇಪಲ್ಲಿಯ ಅಡುಗೆ ಮನೆಯ ಮಸಿ ತೆಗೆಯಲು ನೆರವಾಯಿತು. ಆಕಾಶಕ್ಕಾಗಿ ಮಾಡಿದ ನೀತಿ ಎದೆಗೂ ಒಳ್ಳೆಯದಾಯಿತು ಎಂದರೆ ಇದೇ.

ಗೋಬರ್ ಗ್ಯಾಸಿಗೂ ಷರತ್ತು ಇದೆ. ಎರಡು ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಷ್ಟೇ ನೀರು ಬೇಕು. ನಾಲ್ಕೈದು ದನ ಇರಬೇಕು. ದನ ಮಾರಿದರೆ ಒಲೆ ನಿಲ್ಲುತ್ತದೆ. ದನ ಇದ್ದವರಿಗೆ ಮಾತ್ರ ಇದು ಚೆನ್ನ. ಗ್ಯಾಸಿನ ಜೊತೆಗೆ ಒಳ್ಳೆಯ ಗೊಬ್ಬರವೂ ಸಿಗುತ್ತದೆ.

ಮೂರನೆಯ ಹೆಜ್ಜೆ, ಸಿಲಿಂಡರ್ ಗ್ಯಾಸ್. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾ ಊರಿನಲ್ಲಿ ಉಜ್ವಲ ಯೋಜನೆ ಶುರುವಾಯಿತು. ಬಡ ಮನೆಯ ಹೆಂಗಸಿನ ಹೆಸರಿಗೇ ಗ್ಯಾಸ್ ಸಂಪರ್ಕ. 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಸಂಪರ್ಕ ಕೊಟ್ಟರು. ಆಮೇಲೆ 10 ಕೋಟಿ ದಾಟಿತು. 2015-16ರಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 44 ಮನೆ ಹೊಗೆ ಇಲ್ಲದ ಇಂಧನ ಬಳಸುತ್ತಿದ್ದವು. 2019-21ರ ಹೊತ್ತಿಗೆ ಸುಮಾರು 59 ಮನೆ ಆದವು.

"ಗ್ಯಾಸ್ ಕೂಡಾ ನೆಲದಿಂದ ತೆಗೆದ ಎಣ್ಣೇದೇ ಅಲ್ವಾ? ಅದನ್ನ ಸುಟ್ರೆ ಆಕಾಶ ಬಿಸಿ ಆಗಲ್ವಾ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆಗುತ್ತದೆ. ಆದರೆ ಗ್ಯಾಸು ಪೂರ್ತಿ ಉರಿಯುತ್ತದೆ. ಮಸಿ ಬಹಳ ಕಡಿಮೆ. ಸೌದೆ ಒಲೆಯಲ್ಲಿ ಬೆಂಕಿಯ ಬಿಸಿ ಮುಕ್ಕಾಲು ಪಾಲಿಗೂ ಹೆಚ್ಚು ವ್ಯರ್ಥವಾಗಿ ಹೋಗುತ್ತದೆ. ಹಾಗಾಗಿ ಎದೆಗೆ ಗ್ಯಾಸೇ ಒಳ್ಳೆಯದು. ಆಕಾಶದ ಹೆಚ್ಚಿನ ಭಾರ ಹಾಕಿದವರು ಬಡವರ ಅಡುಗೆ ಮನೆಯವರಲ್ಲ. ಕಾರ್ಖಾನೆ, ಕಾರು, ಕಲ್ಲಿದ್ದಲು ವಿದ್ಯುತ್ತು ಹೆಚ್ಚು ಬಳಸಿದವರು. ಆ ಲೆಕ್ಕ ಅವರು ತೀರಿಸಬೇಕು.

ಮೂಲೆಯಲ್ಲಿ ಕೂತ ಸಿಲಿಂಡರು

ಈಗ ಬಹಳ ಮುಖ್ಯವಾದ ಮಾತು. ಮನೆಯಲ್ಲಿ ಗ್ಯಾಸ್ ಇದೆ ಎಂದ ಕೂಡಲೇ ಹೊಗೆ ಹೋಯಿತು ಎಂದಲ್ಲ. 2023-24ರಲ್ಲಿ ಉಜ್ವಲ ಮನೆಗಳು ವರ್ಷಕ್ಕೆ ತುಂಬಿಸಿಕೊಂಡ ಸಿಲಿಂಡರು ಸರಾಸರಿ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಒಂದು ಸಿಲಿಂಡರನ್ನು ಮೂರು ತಿಂಗಳು ಎಳೆಯುತ್ತಾರೆ. ಹಾಗಾದರೆ ಉಳಿದ ಅಡುಗೆ ಎಲ್ಲಿ ಆಗುತ್ತದೆ? ಸೌದೆ ಒಲೆಯಲ್ಲೇ ಆಗುತ್ತದೆ. ಚಹಾಕ್ಕೆ ಗ್ಯಾಸು. ನೆಂಟರು ಬಂದರೆ ಗ್ಯಾಸು. ಮುದ್ದೆಗೆ, ಸಾರಿಗೆ, ಸ್ನಾನದ ನೀರಿಗೆ ಸೌದೆ.

ಕಾರಣ ಕೇಳಿದರೆ ಅಕ್ಕಂದಿರು ಹೀಗೆ ಹೇಳುತ್ತಾರೆ.

"ಸಿಲಿಂಡರಿಗೆ ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರೋದು?"

ಇದು ನಿಜವಾದ ಕಷ್ಟ. ಕೂಲಿ ದುಡ್ಡು ದಿನಕ್ಕೆ ಸ್ವಲ್ಪ ಸ್ವಲ್ಪ ಬರುತ್ತದೆ. ಸಿಲಿಂಡರು ಒಂದೇ ಸಲ ಕೇಳುತ್ತದೆ. ಅದಕ್ಕೇ ಸರ್ಕಾರ 2022ರ ಮೇ ತಿಂಗಳಲ್ಲಿ ಉಜ್ವಲ ಮನೆಗಳಿಗೆ ಸಿಲಿಂಡರಿಗೆ 200 ರೂಪಾಯಿ ಸಹಾಯಧನ ಘೋಷಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 300 ರೂಪಾಯಿ ಮಾಡಿತು. ಆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ನಿಮ್ಮ ಪಾಸ್‌ಬುಕ್ ತೆಗೆದು ಓದಿ. ಹಣ ಬಂದಿದೆಯೇ ನೋಡಿ. ಈಗ ನಿಮಗೆ ಓದಲು ಬರುತ್ತದೆ. ಬಾರದಿದ್ದರೆ ಏಜೆನ್ಸಿಯಲ್ಲಿ ಕೇಳಿ. 14.2 ಕಿಲೋದ ದೊಡ್ಡ ಸಿಲಿಂಡರಿನ ಹಾಗೆ 5 ಕಿಲೋದ ಸಣ್ಣ ಸಿಲಿಂಡರೂ ಇದೆ. ಅದಕ್ಕೆ ಒಂದು ಸಲಕ್ಕೆ ಕಡಿಮೆ ದುಡ್ಡು ಸಾಕು.

"ಸೌದೆ ಬಿಟ್ಟಿ ಸಿಗ್ತದೆ ಮೇಷ್ಟ್ರೇ."

ಬಿಟ್ಟಿಯೇ? ಸೌದೆ ತರಲು ಎಷ್ಟು ಹೊತ್ತು ಬೇಕು? ಹೊರೆ ಹೊತ್ತ ಕುತ್ತಿಗೆ ನೋವಿಗೆ ಬೆಲೆ ಇಲ್ಲವೇ? ಕೆಮ್ಮಿನ ಔಷಧಿಗೆ ದುಡ್ಡು ಬೇಡವೇ? ಹೆಂಗಸಿನ ಹೊತ್ತಿಗೆ ಬೆಲೆ ಕಟ್ಟದೆ ಇದ್ದರೆ ಮಾತ್ರ ಸೌದೆ ಬಿಟ್ಟಿ.

"ಗ್ಯಾಸಿನ ಮೇಲೆ ಮುದ್ದೆ ತಿರುವೋಕೆ ಆಗಲ್ಲ. ಒಲೆಯೇ ಅಲ್ಲಾಡ್ತದೆ."

ಇದೂ ನಿಜ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ. ನೆಲದ ಮೇಲೆ ಇಟ್ಟು ಕವೆಗೋಲು ಕೊಟ್ಟು ತಿರುವಿ. ಎಷ್ಟೋ ಮನೆಯಲ್ಲಿ ಹಾಗೇ ಮಾಡುತ್ತಾರೆ. ಮುದ್ದೆ ಗಂಟಾಗುವುದಿಲ್ಲ.

"ಸಿಲಿಂಡರು ಸಿಡೀತದೆ ಅಂತ ಹೆದರಿಕೆ."

ಒಲೆಯನ್ನು ಸಿಲಿಂಡರಿಗಿಂತ ಎತ್ತರದಲ್ಲಿ ಇಡಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ರಬ್ಬರ್ ಪೈಪು ಬಿರುಕು ಬಿಟ್ಟರೆ ಬದಲಿಸಿ. ರಾತ್ರಿ ರೆಗ್ಯುಲೇಟರ್ ಆರಿಸಿ. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬೇಡಿ. ಬೆಂಕಿಕಡ್ಡಿ ಗೀರಬೇಡಿ. ಕಿಟಕಿ ಬಾಗಿಲು ತೆರೆಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಹೊಗೆ ಅರ್ಧ ಕಡಿಮೆಯಾದರೆ ಕಾಯಿಲೆ ಅರ್ಧ ಕಡಿಮೆಯಾಗುತ್ತದೆಯೇ? ಇಲ್ಲ. ಸ್ವಲ್ಪ ಹೊಗೆಯೂ ಎದೆಗೆ ಬಹಳ ಕೆಟ್ಟದ್ದು. ಪೂರ್ತಿ ಬಿಟ್ಟಾಗಲೇ ದೊಡ್ಡ ಲಾಭ. ಆದ್ದರಿಂದ ಮೂಲೆಯಲ್ಲಿ ಕೂತ ಸಿಲಿಂಡರು ಸರ್ಕಾರದ ಲೆಕ್ಕಕ್ಕೆ ಸೇರುತ್ತದೆ. ಮಗುವಿನ ಎದೆಗೆ ಸೇರುವುದಿಲ್ಲ.

ಬೀದಿಯ ಹೊಗೆ

ಒಂದು ಸಿಹಿ ಸುದ್ದಿ, ಒಂದು ಕಹಿ ಸುದ್ದಿ. 1990ರಿಂದ 2019ರ ನಡುವೆ ನಮ್ಮ ದೇಶದಲ್ಲಿ ಮನೆಯ ಹೊಗೆಯಿಂದ ಸಾಯುವವರ ಪ್ರಮಾಣ ಮೂರರಲ್ಲಿ ಸುಮಾರು ಎರಡು ಪಾಲು ಇಳಿಯಿತು. ಇದು ಸಿಹಿ. ಅದೇ ಕಾಲದಲ್ಲಿ ಹೊರಗಿನ ಗಾಳಿಯ ಕಣಗಳಿಂದ ಸಾಯುವವರ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಾಯಿತು. ಇದು ಕಹಿ. ಒಳಗಿನ ಹೊಗೆ ಇಳಿದರೆ ಹೊರಗಿನ ಹೊಗೆ ಏರಿತು.

ಅದಕ್ಕೇ ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರಲ್ಲಿ ಸೇರಿವೆ. ಬೆಂಗಳೂರಿನಲ್ಲಿ 1,000ಕ್ಕೂ ಹೆಚ್ಚು ವಿದ್ಯುತ್ ಬಸ್ಸು ಓಡುತ್ತಿವೆ. ಆ ಬಸ್ಸಿನ ಹಿಂದೆ ಹೊಗೆ ಕೊಳವೆಯೇ ಇಲ್ಲ. ಹಿಂದೆ ಬರುವ ಸೈಕಲ್ಲಿನವನ ಮುಖಕ್ಕೆ ಕಪ್ಪು ಹೊಗೆ ಬಡಿಯುವುದಿಲ್ಲ.

ಆದರೆ ಬಸ್ಸಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟರೆ ಹೊಗೆ ಬೆಂಗಳೂರಿನಲ್ಲಿ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ. ಅಲ್ಲಿಯೂ ಜನ ಇದ್ದಾರೆ. ಅವರಿಗೂ ಎದೆ ಇದೆ. ಆದ್ದರಿಂದ ವಿದ್ಯುತ್ತೂ ಹೊಗೆ ಇಲ್ಲದ್ದಾಗಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರ ಜಮೀನು ಬಾಡಿಗೆಗೆ ಪಡೆದು 2,050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರ ಮಾಡಿದ್ದಾರೆ. ಬಿಸಿಲು ಸುಡುವ ಊರಿನ ಬಿಸಿಲೇ ಬೆಳಕಾಯಿತು.

ಒಂದು ಎಚ್ಚರಿಕೆಯ ಮಾತೂ ಇದೆ. ಆಕಾಶಕ್ಕೆ ಒಳ್ಳೆಯದು ಎಂದು ಮಾಡಿದ್ದೆಲ್ಲ ಎದೆಗೆ ಒಳ್ಳೆಯದಾಗುವುದಿಲ್ಲ. ಬ್ರಿಟನ್ ದೇಶದಲ್ಲಿ 2001ರಲ್ಲಿ ಕಾರಿನ ತೆರಿಗೆಯನ್ನು ಅದು ಬಿಡುವ ಇಂಗಾಲದ ಲೆಕ್ಕದಲ್ಲಿ ಹಾಕಿದರು. ಡೀಸೆಲ್ ಕಾರು ಕಡಿಮೆ ಇಂಗಾಲ ಬಿಡುತ್ತದೆ. ಅದಕ್ಕೆ ತೆರಿಗೆ ಕಡಿಮೆಯಾಯಿತು. ಜನ ಡೀಸೆಲ್ ಕಾರನ್ನೇ ಕೊಂಡರು. ಆದರೆ ಡೀಸೆಲ್ ಬೇರೆ ವಿಷದ ಅನಿಲವನ್ನು ಹೆಚ್ಚು ಬಿಡುತ್ತದೆ. ಲಂಡನ್ ಪಟ್ಟಣದ ರಸ್ತೆಗಳ ಗಾಳಿ ಕೆಟ್ಟಿತು. ಇದರಿಂದ ಏನು ಕಲಿಯಬೇಕು? ಯಾವ ಯೋಜನೆ ಬಂದರೂ ಎರಡು ಪ್ರಶ್ನೆ ಕೇಳಬೇಕು. ಆಕಾಶಕ್ಕೆ ಏನಾಗುತ್ತದೆ? ಎದೆಗೆ ಏನಾಗುತ್ತದೆ?

ನಾವು ಏನು ಮಾಡೋಣ?

ಮನೆಯಲ್ಲಿ:
1. ಬಸುರಿ, ಬಾಣಂತಿ, ಎದೆಗೂಸು ಇರುವ ಮನೆಯಲ್ಲಿ ಮೊದಲು ಹೊಗೆ ನಿಲ್ಲಲಿ. ಆ ದಿನಗಳಲ್ಲಾದರೂ ಪೂರ್ತಿ ಗ್ಯಾಸ್ ಬಳಸಿ.
2. ಸೌದೆ ಒಲೆ ಬಿಡಲು ಆಗದಿದ್ದರೆ ಒಣಗಿದ ಸೌದೆಯನ್ನೇ ಹಾಕಿ. ಹಸಿ ಸೌದೆ ಹೆಚ್ಚು ಹೊಗೆ ಬಿಡುತ್ತದೆ. ಗವಾಕ್ಷಿ, ಕಿಟಕಿ ತೆರೆದಿಡಿ. ಮಕ್ಕಳನ್ನು ಒಲೆಯಿಂದ ದೂರ ಇಡಿ.
3. ಸ್ನಾನದ ನೀರಿನ ಒಲೆ ಮನೆಯೊಳಗೆ ಬೇಡ. ಹೊರಗೆ ಇರಲಿ.
4. ಪ್ಲಾಸ್ಟಿಕ್ ಕವರು, ಹಳೇ ಟೈರು, ರಬ್ಬರು ಯಾವತ್ತೂ ಸುಡಬೇಡಿ. ಒಲೆ ಹಚ್ಚಲು ಪ್ಲಾಸ್ಟಿಕ್ ಬಳಸಬೇಡಿ.
5. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ "ಹೊಗೆಯ ಕೆಮ್ಮು" ಎಂದು ಸುಮ್ಮನಿರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯವೂ ಇರಬಹುದು.

ಸಂಘದಲ್ಲಿ:
1. ಮಹಿಳಾ ಸಂಘದಲ್ಲಿ ಸಿಲಿಂಡರ್ ಉಳಿತಾಯ ಶುರು ಮಾಡಿ. ಯಾರ ಸಿಲಿಂಡರು ಮುಗಿದಿದೆಯೋ ಅವರಿಗೆ ಕೈಸಾಲ ಕೊಡಿ.
2. ನಾಲ್ಕೈದು ದನ ಇರುವವರು ಯಾರು ಎಂದು ಪಟ್ಟಿ ಮಾಡಿ. ಗೋಬರ್ ಗ್ಯಾಸಿಗೆ ಸಹಾಯಧನ ಸಿಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಗ್ರಾಮಸಭೆಯಲ್ಲಿ:
1. "ನಮ್ಮ ಊರಲ್ಲಿ ಗ್ಯಾಸ್ ಇರುವ ಮನೆ ಎಷ್ಟು?" ಎಂದು ಮಾತ್ರ ಕೇಳಬೇಡಿ. "ದಿನವೂ ಗ್ಯಾಸಿನಲ್ಲೇ ಅಡುಗೆ ಆಗುವ ಮನೆ ಎಷ್ಟು?" ಎಂದು ಕೇಳಿ.
2. ಊರಿನ ಕಸ ಎಲ್ಲಿ ಸುಡುತ್ತಾರೆ ಎಂದು ಕೇಳಿ. ಸುಡದಂತೆ ವ್ಯವಸ್ಥೆ ಮಾಡಲು ಅರ್ಜಿ ಬರೆಯಿರಿ. ಸಹಿ ಹಾಕಿ. ಹೆಬ್ಬೆಟ್ಟು ಬೇಡ.

ಹೊಸ ಪದಗಳು

ಮಾಲಿನ್ಯ: ಗಾಳಿ, ನೀರು, ನೆಲ ಕೊಳೆಯಾಗುವುದು.
ಇಂಧನ: ಉರಿಸಲು ಬಳಸುವ ವಸ್ತು. ಸೌದೆ, ಗ್ಯಾಸು, ಡೀಸೆಲ್ಲು.
ಹವಾಮಾನ ಬದಲಾವಣೆ: ವರ್ಷ ವರ್ಷಕ್ಕೆ ಭೂಮಿಯ ಬಿಸಿ ಏರಿ, ಮಳೆ ಗಾಳಿಯ ಕ್ರಮ ತಪ್ಪುವುದು.
ನೀತಿ: ಸರ್ಕಾರ ತೀರ್ಮಾನ ಮಾಡಿ ನಡೆಸುವ ದಾರಿ.
ಸಹಾಯಧನ: ಖರ್ಚಿನ ಒಂದು ಪಾಲನ್ನು ಸರ್ಕಾರ ಕೊಡುವುದು.

ಮಾಡಿ ನೋಡಿ

ಎರಡು ಬಿಳಿ ಬಟ್ಟೆ ತುಂಡು ತನ್ನಿ. ಒಂದನ್ನು ಒಲೆಯ ಹತ್ತಿರ, ಬೆಂಕಿ ತಾಗದ ಹಾಗೆ ಕಟ್ಟಿ. ಇನ್ನೊಂದನ್ನು ಜಗುಲಿಯಲ್ಲಿ ಕಟ್ಟಿ. ಏಳು ದಿನ ಬಿಡಿ. ಎಂಟನೆಯ ದಿನ ಎರಡನ್ನೂ ಕಲಿಕಾ ಕೇಂದ್ರಕ್ಕೆ ತನ್ನಿ. ಯಾವುದು ಎಷ್ಟು ಕಪ್ಪಾಗಿದೆ? ಬಟ್ಟೆಯನ್ನು ಒಗೆಯಬಹುದು. ಶ್ವಾಸಕೋಶವನ್ನು?

ಲೆಕ್ಕ ಮಾಡಿ

1. ಎಲ್ಲ ಅಡುಗೆಯೂ ಗ್ಯಾಸಿನಲ್ಲೇ ಆದರೆ ಒಂದು ಮನೆಗೆ ಒಂದು ಸಿಲಿಂಡರು ಒಂದೂವರೆ ತಿಂಗಳು ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎಷ್ಟು ಸಿಲಿಂಡರು ಬೇಕು? ಆ ಮನೆ 4 ಸಿಲಿಂಡರು ಮಾತ್ರ ತಂದರೆ ಎಷ್ಟು ಪಾಲು ಅಡುಗೆ ಹೊಗೆಯಲ್ಲಿ ಆಯಿತು?
2. ಒಬ್ಬ ಅಕ್ಕ ವಾರಕ್ಕೆ ಎರಡು ಸಲ ಸೌದೆಗೆ ಹೋಗುತ್ತಾರೆ. ಪ್ರತಿ ಸಲ 3 ಗಂಟೆ ಬೇಕು. ನಾಲ್ಕು ವಾರಕ್ಕೆ ಎಷ್ಟು ಗಂಟೆ? 8 ಗಂಟೆಗೆ ಒಂದು ದಿನದ ಕೂಲಿ ಎಂದರೆ ಎಷ್ಟು ದಿನದ ಕೂಲಿ ಹೋಯಿತು?
3. ದಿನಕ್ಕೆ 20 ರೂಪಾಯಿ ಹುಂಡಿಗೆ ಹಾಕಿದರೆ 45 ದಿನಕ್ಕೆ ಎಷ್ಟು?

ಚರ್ಚೆ ಮಾಡೋಣ

1. ನಿಮ್ಮ ಮನೆಯ ಒಲೆಯ ತೀರ್ಮಾನ ಯಾರು ಮಾಡಿದರು? ಒಲೆಯ ಮುಂದೆ ಕೂರುವವರನ್ನು ಕೇಳಿದರೇ?
2. ಹಿಂದೆ ಹಾಕಿಸಿದ ಅಸ್ತ್ರ ಒಲೆ ನಿಮ್ಮ ಊರಿನಲ್ಲಿ ಇತ್ತೇ? ಅದು ಯಾಕೆ ನಿಂತಿತು?
3. ಹೆಚ್ಚು ಹೊಗೆ ಬಿಟ್ಟವರು ಬೇರೆ, ಹೆಚ್ಚು ಹೊಗೆ ಕುಡಿದವರು ಬೇರೆ. ಇದು ನ್ಯಾಯವೇ?

ಓದಿ, ಬರೆಯಿರಿ

ಹೊಗೆ ಎದೆಗೂ ಹೋಗುತ್ತದೆ, ಆಕಾಶಕ್ಕೂ ಹೋಗುತ್ತದೆ.
ಒಲೆ ಬಂದರೆ ಸಾಲದು, ಒಲೆ ಉರಿಯಬೇಕು.
ಸೌದೆ ಬಿಟ್ಟಿಯಲ್ಲ, ಉಸಿರು ಅಗ್ಗವಲ್ಲ.